ವಿಷಮ ಪರಿಸರಗಳ ಸೂಕ್ಷ್ಮಜೀವಿಗಳಲ್ಲಿ ಇಂಗಾಲಾಮ್ಲದ ಸ್ಥಿರೀಕರಣ: ಒಂದು ಐತಿಹಾಸಿಕ ವಿವೇಚನೆ

೧

ಭೂಮಿಯ ಮೇಲಿನ ಸಕಲ ಜೀವಿಗಳ ಆಹಾರಕ್ಕೂ ಸೂರ್ಯನ ಬೆಳಕೇ ಮೂಲವೆಂಬ ಮಾತನ್ನು ನಾವೆಲ್ಲರೂ ಶಾಲೆಯ ಪಾಠಗಳಿಂದ ಮೊದಲ್ಗೊಂಡು ಕೇಳುತ್ತ ಬಂದಿದ್ದೇವೆ. ಹಸುರು ಸಸ್ಯವು ಗಾಳಿಯಲ್ಲಿರುವ ಇಂಗಾಲಾಮ್ಲ ವಾಯುವನ್ನು, ಎಂದರೆ ಇಂಗಾಲದ ಡೈಆಕ್ಸೈಡನ್ನು, ಒಳಗೆಳೆದುಕೊಂಡು ಬೆಳಕಿನ ಬಲದಿಂದ ಅದನ್ನು ಸಕ್ಕರೆಯಾಗಿ ಮಾರ್ಪಡಿಸುತ್ತದೆ. ಆ ಸಸ್ಯವನ್ನು ಆಶ್ರಯಿಸಿ ದನಕರುಗಳೂ, ಎರಡನ್ನೂ ಆಶ್ರಯಿಸಿ ಮನುಷ್ಯನೂ ಬದುಕುತ್ತಾರೆ. ಈ ಮಾತು ಬಹುಮಟ್ಟಿಗೆ ನಿಜ. ಆದರೆ ಸಂಪೂರ್ಣವಾಗಿ ನಿಜವಲ್ಲ. ಕುದಿನೀರಿನ ಬುಗ್ಗೆಗಳಲ್ಲಿ, ಗಂಧಕಾಮ್ಲದಿಂದ ಸುಡುವ ಕೆಸರಿನಲ್ಲಿ, ಬೆಳಕು ಎಂದೂ ಮುಟ್ಟದ ಸಮುದ್ರದ ತಳದಲ್ಲಿ, ನೆಲದೊಳಗೆ ಮೂರು ಕಿಲೋಮೀಟರಿನಷ್ಟು ಆಳದ ಬಂಡೆಯ ಬಿರುಕುಗಳಲ್ಲಿ ಇಂಗಾಲಾಮ್ಲವನ್ನೇ ಅನ್ನವಾಗಿಸಿಕೊಂಡು ಬಾಳುವ ಸೂಕ್ಷ್ಮಜೀವಿಗಳಿವೆ. ಅವುಗಳಲ್ಲಿ ಅನೇಕವು ಬೆಳಕನ್ನು ಬೇಡುವುದಿಲ್ಲ. ಮತ್ತು ಅವು ಹಿಡಿದಿರುವ ದಾರಿ ಒಂದೇ ಅಲ್ಲ. ಇಂದು ನಿಸರ್ಗದಲ್ಲಿ ಇಂಗಾಲಾಮ್ಲವನ್ನು ಜೀವದ್ರವ್ಯವಾಗಿ ಮಾರ್ಪಡಿಸುವ ಏಳು ಮಾರ್ಗಗಳನ್ನು ವಿಜ್ಞಾನಿಗಳು ಗುರುತಿಸಿದ್ದಾರೆ. ಹಸುರೆಲೆಯದು ಅವುಗಳಲ್ಲಿ ಒಂದು ಮಾತ್ರ.

ಇತಿಹಾಸದ ವ್ಯಾಸಂಗಿಗಳಾದ ನಾವು ಈ ವಿಷಯವನ್ನು ಎತ್ತಿಕೊಳ್ಳುವುದು ಅನಧಿಕಾರ ಪ್ರವೇಶವೆಂದು ಕೆಲವು ವಾಚಕರಿಗೆ ತೋರಬಹುದು. ಆದರೆ ಇಲ್ಲಿ ಎರಡು ಇತಿಹಾಸಗಳು ಹೆಣೆದುಕೊಂಡಿವೆ. ಮೊದಲನೆಯದು, ದೃಢವಾಗಿ ಬೇರೂರಿದ ಒಂದು ಸಿದ್ಧಾಂತವು ಸಾಕ್ಷ್ಯದ ಒತ್ತಡಕ್ಕೆ ಸಿಕ್ಕಿ ಹೇಗೆ ತಿದ್ದಿಕೊಂಡಿತೆಂಬ ಮಾನವ ಜ್ಞಾನದ ಇತಿಹಾಸ. ಎರಡನೆಯದು, ಮಾನವನಿಗಿಂತ ನೂರಾರು ಕೋಟಿ ವರ್ಷ ಹಿಂದಿನದಾದ ಜೀವದ ಇತಿಹಾಸ. ಇವೆರಡಕ್ಕೂ ಬೇಕಾದುದು ಸಾಕ್ಷ್ಯದ ಪರೀಕ್ಷೆ. ಅದು ನಮ್ಮ ಶಾಸ್ತ್ರದ ಕಸುಬೇ ಆಗಿದೆ.

೨

ಸೂರ್ಯನೇ ಅನ್ನದಾತನೆಂಬ ಸಿದ್ಧಾಂತವು ಒಬ್ಬರಿಂದ ಒಮ್ಮೆಗೇ ಬಂದುದಲ್ಲ. ೧೭೭೯ರಲ್ಲಿ ಯಾನ್ ಇಂಗೆನ್‌ಹೌಸನು ಸಸ್ಯಗಳ ಹಸುರು ಭಾಗಗಳು ಬೆಳಕಿನಲ್ಲಿ ಮಾತ್ರ ಗಾಳಿಯನ್ನು ಶುದ್ಧಿಮಾಡುತ್ತವೆಂದು ತೋರಿಸಿದನು. ಆ ಕೆಲಸಕ್ಕೆ ಇಂಗಾಲಾಮ್ಲ ಅಗತ್ಯವೆಂದು ಜಿನೀವದ ಸೆನೆಬಿಯೆಯೂ, ನೀರು ಸಹ ಅದರಲ್ಲಿ ಪಾಲುಗೊಳ್ಳುವುದೆಂದು ೧೮೦೪ರಲ್ಲಿ ಅದೇ ನಗರದ ಡ ಸೊಸ್ಯೂರನೂ ಸಿದ್ಧಪಡಿಸಿದರು. ೧೮೪೫ರಲ್ಲಿ ಜರ್ಮನಿಯ ವೈದ್ಯ ರಾಬರ್ಟ್ ಮೇಯರನು ಇವೆಲ್ಲವನ್ನೂ ಶಕ್ತಿಯ ಭಾಷೆಗೆ ತಿರುಗಿಸಿ, ಸಸ್ಯವು ಬೆಳಕಿನ ಶಕ್ತಿಯನ್ನು ರಾಸಾಯನಿಕ ಶಕ್ತಿಯಾಗಿ ಕೂಡಿಡುವ ಭಂಡಾರವೆಂದು ವಿವರಿಸಿದನು. ಹತ್ತೊಂಬತ್ತನೆಯ ಶತಮಾನದ ಉತ್ತರಾರ್ಧದ ಹೊತ್ತಿಗೆ ಇದು ಶಂಕೆಗೆ ಎಡೆಯಿಲ್ಲದ ತತ್ತ್ವವಾಗಿ ನಿಂತಿತು. ಬೆಳಕೂ ಪತ್ರಹರಿತ್ತೂ ಇಲ್ಲದೆಡೆ ಇಂಗಾಲಾಮ್ಲದಿಂದ ಆಹಾರ ಹುಟ್ಟಲಾರದು. ಹಸುರಲ್ಲದ ಜೀವಿಯೆಲ್ಲ ಪರಾನ್ನಜೀವಿ, ಎಂಬುದೇ ಅದರ ಸಾರ.

ಈ ತತ್ತ್ವದಲ್ಲಿ ಮೊದಲ ಬಿರುಕನ್ನು ಮೂಡಿಸಿದವನು ಕೀವ್ ನಗರದಲ್ಲಿ ೧೮೫೬ರಲ್ಲಿ ಹುಟ್ಟಿದ ಸೆರ್ಗೇ ವಿನೊಗ್ರಾಡ್‌ಸ್ಕಿ. ಸ್ಟ್ರಾಸ್‌ಬರ್ಗಿನಲ್ಲಿ ಡಿ ಬಾರಿ ಎಂಬ ಸಸ್ಯವಿಜ್ಞಾನಿಯ ಪ್ರಯೋಗಾಲಯದಲ್ಲಿದ್ದಾಗ ಅವನು ಗಂಧಕದ ಬುಗ್ಗೆಗಳಲ್ಲಿ ಬಿಳಿಯ ಎಳೆಗಳಂತೆ ಬೆಳೆಯುವ ಬೆಗ್ಗಿಯಾಟೋವ ಎಂಬ ಬ್ಯಾಕ್ಟೀರಿಯವನ್ನು ಸೂಕ್ಷ್ಮದರ್ಶಕದ ಕೆಳಗಿಟ್ಟು ನೋಡಿದನು. ಕೊಳೆತ ಮೊಟ್ಟೆಯ ನಾತವುಳ್ಳ ಜಲಜನಕದ ಸಲ್ಫೈಡನ್ನು ಒದಗಿಸಿದಾಗ ಅದರ ಕೋಶಗಳಲ್ಲಿ ಗಂಧಕದ ಕಣಗಳು ತುಂಬಿಕೊಳ್ಳುತ್ತಿದ್ದವು; ಒದಗಿಸುವುದನ್ನು ನಿಲ್ಲಿಸಿದರೆ ಆ ಕಣಗಳು ಕರಗಿ ಗಂಧಕಾಮ್ಲವಾಗುತ್ತಿದ್ದವು. ನಾವು ಅನ್ನವನ್ನು ಉಸಿರಿನ ಆಮ್ಲಜನಕದಿಂದ ಉತ್ಕರ್ಷಿಸಿ ಶಕ್ತಿ ಪಡೆಯುವಂತೆ ಈ ಜೀವಿಯು ಸಲ್ಫೈಡನ್ನು ಉತ್ಕರ್ಷಿಸಿ ಶಕ್ತಿ ಪಡೆಯುತ್ತದೆಂದು ೧೮೮೭ರಲ್ಲಿ ಅವನು ಸಾರಿದನು.

ಶಕ್ತಿಯ ಮೂಲ ತಿಳಿಯಿತು; ಇಂಗಾಲದ ಮೂಲ ತಿಳಿಯಲಿಲ್ಲ. ಅದಕ್ಕೆ ಉತ್ತರ ದೊರೆತುದು ಜೂರಿಕ್ ನಗರದಲ್ಲಿ, ಮಣ್ಣಿನ ಅಮೋನಿಯವನ್ನು ನೈಟ್ರೈಟಾಗಿ ಮಾಡುವ ಬ್ಯಾಕ್ಟೀರಿಯಗಳ ವಿಷಯದಲ್ಲಿ. ೧೮೯೦ರ ಸುಮಾರಿಗೆ ಆತನು ಜೈವಿಕ ಪದಾರ್ಥದ ಸೋಂಕಿಲ್ಲದ, ಖನಿಜ ಲವಣಗಳು ಮಾತ್ರ ಬೆರೆತ ನೀರಿನಲ್ಲಿ ಅವುಗಳನ್ನು ಬೆಳೆಸಿದನು. ಆ ಪಾತ್ರೆಗಳಲ್ಲಿ ಕಾಲಕ್ರಮದಲ್ಲಿ ಜೈವಿಕ ಇಂಗಾಲ ಶೇಖರವಾಯಿತು. ಉತ್ಕರ್ಷಿತವಾದ ಸಾರಜನಕದ ಸುಮಾರು ೩೫ ಭಾಗಗಳಿಗೆ ಒಂದು ಭಾಗ ಇಂಗಾಲವು ಕೋಶದ್ರವ್ಯವಾಗಿ ಸೇರುವುದೆಂಬ ಲೆಕ್ಕವನ್ನೂ ಅವನು ಕೊಟ್ಟನು. ಬೆಳಕಿಲ್ಲ, ಹಸುರಿಲ್ಲ, ಆದರೂ ಇಂಗಾಲಾಮ್ಲದಿಂದ ಆಹಾರ ಹುಟ್ಟಿತು. ೧೮೯೭ರಲ್ಲಿ ಸಸ್ಯಶಾಸ್ತ್ರಜ್ಞ ಪ್ಫೆಫರನು ಇದಕ್ಕೆ ರಾಸಾಯನಿಕ ಸಂಶ್ಲೇಷಣವೆಂಬ ಅರ್ಥದ ಹೆಸರನ್ನು ಬಳಕೆಗೆ ತಂದನು.

ಇಷ್ಟು ಸ್ಪಷ್ಟವಾದ ಪ್ರಮಾಣ ದೊರೆತ ಮೇಲೂ ಮೂಲ ತತ್ತ್ವವು ಅಲುಗಲಿಲ್ಲವೆಂಬುದು ಗಮನಾರ್ಹ. ಈ ಜೀವಿಗಳಿಗೆ ದೊರೆತುದು ನಿಯಮವನ್ನು ಎತ್ತಿಹಿಡಿಯುವ ಅಪವಾದದ ಸ್ಥಾನ. ಅವು ಚಿಕ್ಕವು, ಮಣ್ಣು ಕೊಳಚೆಗಳ ಮೂಲೆಯಲ್ಲಿರುವವು. ಜೀವಲೋಕದ ದೊಡ್ಡ ಲೆಕ್ಕದಲ್ಲಿ ಅವುಗಳ ಪಾಲು ಅಲ್ಪವೆಂಬ ಭಾವನೆ ಸುಮಾರು ತೊಂಬತ್ತು ವರ್ಷ ನಿಂತಿತು. ಒಂದು ಸಂಗತಿ ತಿಳಿದಿರುವುದು ಬೇರೆ, ಅದರ ತೂಕ ತಿಳಿಯುವುದು ಬೇರೆ.

೩

ಮುಂದಿನ ಕಥೆಯನ್ನು ಹೇಳುವ ಮೊದಲು ಸ್ಥಿರೀಕರಣವೆಂಬುದರ ತತ್ತ್ವವನ್ನು ಅರಿಯುವುದು ಅವಶ್ಯ. ಇಂಗಾಲಾಮ್ಲವು ಇಂಗಾಲದ ಸುಟ್ಟುಳಿದ ಬೂದಿಯಿದ್ದಂತೆ. ಅದರಲ್ಲಿ ಇಂಗಾಲವು ಪೂರ್ಣವಾಗಿ ಉತ್ಕರ್ಷಿತವಾಗಿರುತ್ತದೆ. ಬೂದಿಯನ್ನು ಮರಳಿ ಕಟ್ಟಿಗೆಯಾಗಿಸಬೇಕಾದರೆ ಎರಡು ವಸ್ತುಗಳು ಬೇಕು. ಒಂದು, ಇಂಗಾಲಕ್ಕೆ ಸೇರಿಸಬೇಕಾದ ಎಲೆಕ್ಟ್ರಾನುಗಳು, ಇದನ್ನೇ ಅಪಕರ್ಷಣವೆನ್ನುತ್ತೇವೆ. ಎರಡು, ಆ ಕೆಲಸವನ್ನು ನಡೆಸುವ ಶಕ್ತಿ. ಜೀವಕೋಶದಲ್ಲಿ ಇದು ಎ.ಟಿ.ಪಿ. ಎಂಬ ಅಣುವಿನ ರೂಪದಲ್ಲಿ ನಾಣ್ಯದಂತೆ ಚಲಾವಣೆಯಾಗುತ್ತದೆ. ಹಸುರು ಸಸ್ಯವು ಎಲೆಕ್ಟ್ರಾನುಗಳನ್ನು ನೀರಿನಿಂದಲೂ ಶಕ್ತಿಯನ್ನು ಬೆಳಕಿನಿಂದಲೂ ಪಡೆಯುತ್ತದೆ. ವಿಷಮ ಪರಿಸರದ ಸೂಕ್ಷ್ಮಜೀವಿಯು ಎರಡನ್ನೂ ಸಾಮಾನ್ಯವಾಗಿ ಒಂದೇ ಮೂಲದಿಂದ, ಎಂದರೆ ಜಲಜನಕ, ಸಲ್ಫೈಡು, ಗಂಧಕ, ಕಬ್ಬಿಣ, ಅಮೋನಿಯ ಮುಂತಾದ ನಿರ್ಜೀವ ದ್ರವ್ಯಗಳಿಂದ ಪಡೆಯುತ್ತದೆ. ಭೂಮಿಯ ಒಡಲಿನಿಂದ ಬರುವ ಇಂತಹ ದ್ರವ್ಯಕ್ಕೂ ಸುತ್ತಲಿನ ನೀರು ಗಾಳಿಗಳಿಗೂ ರಾಸಾಯನಿಕ ಸಮತೋಲವಿಲ್ಲದ ಎಡೆಯಲ್ಲೆಲ್ಲ ಈ ಜೀವಿಗಳಿಗೆ ಅವಕಾಶವುಂಟು. ಎತ್ತರದಿಂದ ತಗ್ಗಿಗೆ ಹರಿಯುವ ನೀರು ಗಿರಣಿಯ ಚಕ್ರವನ್ನು ತಿರುಗಿಸುವಂತೆ, ಆ ಅಸಮತೋಲವು ಇವುಗಳ ಬಾಳನ್ನು ನಡೆಸುತ್ತದೆ.

ಇಂಗಾಲವು ಕೋಶದೊಳಗೆ ಯಾವ ಯಾವ ಮೆಟ್ಟಿಲುಗಳನ್ನು ಏರುವುದೆಂಬುದನ್ನು ಅರಿಯಲು ಅದಕ್ಕೆ ಗುರುತು ಹಾಕುವ ಉಪಾಯ ಬೇಕಾಗಿತ್ತು. ೧೯೪೦ರ ಫೆಬ್ರುವರಿಯಲ್ಲಿ ಕ್ಯಾಲಿಫೋರ್ನಿಯದ ಬರ್ಕ್ಲಿಯಲ್ಲಿ ಮಾರ್ಟಿನ್ ಕೇಮನ್ ಮತ್ತು ಸ್ಯಾಮ್ ರೂಬೆನ್ ಎಂಬುವರು ಇಂಗಾಲ-೧೪ ಎಂಬ ವಿಕಿರಣಶೀಲ ಇಂಗಾಲವನ್ನು ಕಂಡುಹಿಡಿದರು. ಪ್ರಾಕ್ತನ ವಸ್ತುಗಳ ಕಾಲನಿರ್ಣಯಕ್ಕೆ ನಾವು ಇಂದು ಆಶ್ರಯಿಸುವ ಇಂಗಾಲವು ಇದೇ. ಅದರ ಅರ್ಧಾಯುಷ್ಯ ೫,೭೩೦ ವರ್ಷ. ಜೀವರಸಾಯನಶಾಸ್ತ್ರಕ್ಕೆ ಅದು ಇದಕ್ಕಿಂತ ಮೊದಲೇ ಉಪಕಾರ ಮಾಡಿತು. ಎರಡನೆಯ ಮಹಾಯುದ್ಧ ಮುಗಿದ ಬಳಿಕ ಬರ್ಕ್ಲಿಯಲ್ಲಿಯೇ ಮೆಲ್ವಿನ್ ಕ್ಯಾಲ್ವಿನ್, ಆಂಡ್ರೂ ಬೆನ್ಸನ್, ಜೇಮ್ಸ್ ಬಾಷಂ ಎಂಬುವರು ಗುರುತುಹಾಕಿದ ಇಂಗಾಲಾಮ್ಲವನ್ನು ಪಾಚಿಗೆ ಉಣಿಸಿ, ಅದು ಕ್ಷಣಕ್ಷಣಕ್ಕೂ ಯಾವ ಪದಾರ್ಥದಲ್ಲಿ ಸೇರುವುದೆಂದು ಪರಿಶೀಲಿಸಿ, ಐದು ಇಂಗಾಲಗಳ ಸಕ್ಕರೆಯೊಂದಕ್ಕೆ ಅದು ಅಂಟಿಕೊಂಡು ಮೂರು ಇಂಗಾಲಗಳ ಎರಡು ಅಣುಗಳಾಗುವ ಚಕ್ರವನ್ನು ಬಿಡಿಸಿಟ್ಟರು. ೧೯೬೧ರ ನೊಬೆಲ್ ಪಾರಿತೋಷಕವು ಕ್ಯಾಲ್ವಿನ್ ಒಬ್ಬರಿಗೇ ಸಂದಿತು. ಈ ಚಕ್ರದ ಪ್ರಧಾನ ಕಿಣ್ವವೇ ರುಬಿಸ್ಕೊ. ಅದು ನಿಧಾನಿ, ಇಂಗಾಲಾಮ್ಲದ ಬದಲು ಆಮ್ಲಜನಕವನ್ನು ಹಿಡಿದು ಮೋಸಹೋಗುವುದೂ ಉಂಟು. ಆದರೂ ಹಸುರು ಸಸ್ಯಗಳು, ಪಾಚಿಗಳು, ಮತ್ತು ವಿನೊಗ್ರಾಡ್‌ಸ್ಕಿ ಬೆಳೆಸಿದ ನೈಟ್ರೈಟ್ ಬ್ಯಾಕ್ಟೀರಿಯಗಳು ಎಲ್ಲವೂ ಇದನ್ನೇ ನಂಬಿವೆ. ಇದನ್ನು ಕಂಡ ವಿದ್ವಾಂಸರು, ಶಕ್ತಿಯ ಮೂಲ ಯಾವುದೇ ಇರಲಿ ಇಂಗಾಲದ ದಾರಿ ಮಾತ್ರ ಎಲ್ಲೆಡೆಯೂ ಒಂದೇ ಎಂದು ಭಾವಿಸಿದರು. ಹಳೆಯ ಏಕಮೂಲ ಸಿದ್ಧಾಂತವು ಹೀಗೆ ಹೊಸ ವೇಷದಲ್ಲಿ ಮರಳಿತು.

೪

ಈ ಎರಡನೆಯ ಸಿದ್ಧಾಂತವನ್ನು ಪ್ರಶ್ನಿಸಿದ ಲೇಖನವು ೧೯೬೬ರಲ್ಲಿ ಬಂದಿತು. ಅದರ ಕರ್ತೃಗಳು ಇವಾನ್ಸ್, ಬ್ಯುಕ್ಯಾನನ್ ಮತ್ತು ಆರ್ನನ್. ಅವರು ಪರೀಕ್ಷಿಸಿದುದು ಕ್ಲೋರೋಬಿಯಂ ಎಂಬ ಹಸುರು ಗಂಧಕ ಬ್ಯಾಕ್ಟೀರಿಯ. ಆಮ್ಲಜನಕವಿಲ್ಲದ, ಸಲ್ಫೈಡು ತುಂಬಿದ ನೀರಿನಲ್ಲಿ ಮಂದ ಬೆಳಕಿನಿಂದ ಅದು ಬಾಳುತ್ತದೆ. ಅವರ ಪ್ರತಿಪಾದನೆಯ ಸ್ವಾರಸ್ಯವನ್ನು ಅರಿಯಲು ಕ್ರೆಬ್ಸ್ ಚಕ್ರವನ್ನು ನೆನೆಯಬೇಕು. ನಮ್ಮ ಕೋಶಗಳಲ್ಲಿ ಆಹಾರದ ಎರಡು ಇಂಗಾಲಗಳ ತುಣುಕೊಂದು ನಾಲ್ಕು ಇಂಗಾಲಗಳ ಅಣುವಿಗೆ ಸೇರಿ ಆರು ಇಂಗಾಲಗಳ ಸಿಟ್ರಿಕಾಮ್ಲವಾಗಿ, ಚಕ್ರ ಒಂದು ಸುತ್ತು ಬರುವುದರೊಳಗೆ ಎರಡು ಇಂಗಾಲಾಮ್ಲಗಳಾಗಿ ಹೊರಬೀಳುತ್ತದೆ. ಹ್ಯಾನ್ಸ್ ಕ್ರೆಬ್ಸ್ ೧೯೩೭ರಲ್ಲಿ ಇದನ್ನು ಪ್ರಕಟಿಸಿದರು. ಕ್ಲೋರೋಬಿಯಂನಲ್ಲಿ ಈ ಚಕ್ರವು ಹಿಮ್ಮುಖವಾಗಿ ತಿರುಗಿ, ಎರಡು ಇಂಗಾಲಾಮ್ಲಗಳನ್ನು ನುಂಗಿ ಎರಡು ಇಂಗಾಲಗಳ ಆಹಾರದ ತುಣುಕನ್ನು ಹೊರಹಾಕುವುದೆಂದು ೧೯೬೬ರ ಲೇಖನವು ಸಾರಿತು. ಆಹಾರವನ್ನು ಸುಡುವ ಒಲೆಯೇ ತಿರುಗುಮುರುಗಾಗಿ ಆಹಾರವನ್ನು ಬೇಯಿಸುವ ಒಲೆಯಾಯಿತು.

ವಿದ್ವಾಂಸರು ಇದನ್ನು ಒಪ್ಪಲಿಲ್ಲ. ಅವರ ಆಕ್ಷೇಪಕ್ಕೆ ಆಧಾರವಿತ್ತು. ಚಕ್ರದ ಕೆಲವು ಮೆಟ್ಟಿಲುಗಳು ಹಿಂದಕ್ಕೆ ನಡೆಯಲಾರವೆಂಬುದು ಶಾಸ್ತ್ರಸಮ್ಮತವಾಗಿತ್ತು. ಸಿಟ್ರಿಕಾಮ್ಲವನ್ನು ಒಡೆಯಲು ತಕ್ಕ ಕಿಣ್ವ ಆ ಜೀವಿಯಲ್ಲಿ ಸಿಕ್ಕಿರಲಿಲ್ಲ. ಎ.ಟಿ.ಪಿ.ಯ ನೆರವಿನಿಂದ ಆ ಕೆಲಸ ಮಾಡುವ ಕಿಣ್ವವನ್ನು ೧೯೮೦ರಲ್ಲಿ ಇವಾನೊವ್‌ಸ್ಕಿ ಮತ್ತು ಅವರ ಸಹೋದ್ಯೋಗಿಗಳು ಕ್ಲೋರೋಬಿಯಂನಲ್ಲಿ ಕಂಡರು. ಆ ಬಳಿಕ ಜಪಾನಿನ ಬಿಸಿನೀರಿನ ಬುಗ್ಗೆಗಳಲ್ಲಿ ಬಾಳುವ, ಜಲಜನಕವನ್ನು ಉಂಡು ಬೆಳೆಯುವ ಹೈಡ್ರೊಜೆನೊಬ್ಯಾಕ್ಟರ್ ಎಂಬ ಬ್ಯಾಕ್ಟೀರಿಯದಲ್ಲಿಯೂ ಇದೇ ಚಕ್ರ ಕಂಡುಬಂದಿತು. ಅದಕ್ಕೆ ಬೆಳಕಿನ ಹಂಗೇ ಇಲ್ಲ. ೧೯೯೦ರಲ್ಲಿ ಬ್ಯುಕ್ಯಾನನ್ ಮತ್ತು ಆರ್ನನ್ ಕೊನೆಗೂ ಒಮ್ಮತ ದೊರೆತುದನ್ನು ತಮ್ಮ ಲೇಖನದ ಶಿರೋನಾಮೆಯಲ್ಲಿಯೇ ಘೋಷಿಸಿದರು. ಇಪ್ಪತ್ತನಾಲ್ಕು ವರ್ಷಗಳ ಈ ತಡವನ್ನು ಕೇವಲ ಪೂರ್ವಗ್ರಹವೆಂದು ತಳ್ಳಿಹಾಕುವುದು ನ್ಯಾಯವಲ್ಲ. ಸರಪಳಿಯ ಒಂದು ಕೊಂಡಿ ಕಾಣದಿದ್ದಾಗ ಸಂಶಯಪಟ್ಟವರು ತಮ್ಮ ಕರ್ತವ್ಯವನ್ನೇ ಮಾಡಿದರು. ಕೊಂಡಿ ಸಿಕ್ಕ ಮೇಲೆ ಒಪ್ಪಿದುದೂ ಅದೇ ಕರ್ತವ್ಯದ ಮತ್ತೊಂದು ಮುಖ.

ಇದೇ ಅವಧಿಯಲ್ಲಿ ಮೂರನೆಯ ಮಾರ್ಗವೊಂದು ಸದ್ದಿಲ್ಲದೆ ಬೆಳಕಿಗೆ ಬರುತ್ತಿತ್ತು. ೧೯೪೫ರಲ್ಲಿಯೇ ಬಾರ್ಕರ್ ಮತ್ತು ಕೇಮನ್ ಶಾಖಪ್ರಿಯವಾದ ಒಂದು ಕ್ಲಾಸ್ಟ್ರಿಡಿಯಂ ಬ್ಯಾಕ್ಟೀರಿಯವು ಇಂಗಾಲಾಮ್ಲದಿಂದ ಅಸಿಟಿಕಾಮ್ಲವನ್ನು, ಎಂದರೆ ವಿನಿಗರಿನ ಹುಳಿಯನ್ನು, ಮಾಡುವುದೆಂದು ಇಂಗಾಲ-೧೪ರ ನೆರವಿನಿಂದ ತೋರಿಸಿದ್ದರು. ಅದರ ಮೆಟ್ಟಿಲುಗಳನ್ನು ಬಿಡಿಸಲು ಹಾರ್ಲೆಂಡ್ ವುಡ್, ಲಾರ್ಸ್ ಯುಂಗ್‌ಡಾಲ್ ಮತ್ತು ಅವರ ಶಿಷ್ಯರು ಹಲವು ದಶಕಗಳನ್ನು ವ್ಯಯಿಸಿದರು. ಈ ಮಾರ್ಗವು ಚಕ್ರವಲ್ಲ, ನೇರ ರೇಖೆ. ಒಂದು ಇಂಗಾಲಾಮ್ಲವು ಹಂತಹಂತವಾಗಿ ಮೀಥೈಲ್ ತುಣುಕಾಗುತ್ತದೆ. ಇನ್ನೊಂದು ಇಂಗಾಲದ ಮಾನಾಕ್ಸೈಡಾಗುತ್ತದೆ. ನಿಕಲ್ ಮತ್ತು ಕಬ್ಬಿಣಗಳನ್ನು ಒಡಲಲ್ಲಿಟ್ಟುಕೊಂಡ ಕಿಣ್ವವೊಂದರ ಮೇಲೆ ಎರಡೂ ಬೆಸೆದುಕೊಳ್ಳುತ್ತವೆ. ಮೀಥೇನ್ ಅನಿಲವನ್ನು ಉತ್ಪಾದಿಸುವ ಆರ್ಕಿಯಗಳೂ ತುಸು ಭೇದದೊಡನೆ ಇದನ್ನೇ ಅನುಸರಿಸುತ್ತವೆ.

೫

೧೯೭೭ನೆಯ ವರ್ಷವು ಈ ಇತಿಹಾಸದಲ್ಲಿ ಒಂದು ಮೈಲಿಗಲ್ಲು. ಆ ವರ್ಷದ ಫೆಬ್ರುವರಿಯಲ್ಲಿ ಶಾಂತಸಾಗರದ ಗ್ಯಾಲಪಗೋಸ್ ದ್ವೀಪಗಳ ಬಳಿ, ಸಮುದ್ರತಳವು ಸೀಳಿ ಹೊಸ ಶಿಲೆ ಉಕ್ಕುವ ಎಡೆಯಲ್ಲಿ ಬಿಸಿನೀರಿನ ಬುಗ್ಗೆಗಳಿರಬೇಕೆಂಬ ಊಹೆಯನ್ನು ಪರೀಕ್ಷಿಸಲು ಭೂವಿಜ್ಞಾನಿಗಳು ಆಲ್ವಿನ್ ಎಂಬ ಮುಳುಗುನೌಕೆಯಲ್ಲಿ ಸುಮಾರು ೨,೫೦೦ ಮೀಟರ್ ಆಳಕ್ಕೆ ಇಳಿದರು. ಬುಗ್ಗೆಗಳು ಸಿಕ್ಕವು. ಅವುಗಳ ಸುತ್ತ ಚಿಪ್ಪುಜೀವಿಗಳೂ, ಏಡಿಗಳೂ, ಕೆಂಪು ಗರಿಯನ್ನು ಹೊರಚಾಚಿದ ಬೃಹತ್ ಕೊಳವೆಹುಳುಗಳೂ ಕಿಕ್ಕಿರಿದಿದ್ದವು. ಜೀವವು ವಿರಳವೆಂದು ಭಾವಿಸಿದ್ದ ಕತ್ತಲೆಯ ತಳದಲ್ಲಿ ಇಂತಹ ಸಮೃದ್ಧಿಯನ್ನು ಯಾರೂ ನಿರೀಕ್ಷಿಸಿರಲಿಲ್ಲ. ಆ ಯಾತ್ರೆಯಲ್ಲಿ ಒಬ್ಬ ಜೀವವಿಜ್ಞಾನಿಯೂ ಇರಲಿಲ್ಲವೆಂಬುದೇ ಇದಕ್ಕೆ ಸಾಕ್ಷಿ.

ರಿಫ್ಟಿಯ ಎಂಬ ಆ ಕೊಳವೆಹುಳುವಿಗೆ ಬಾಯಿಯೂ ಇಲ್ಲ, ಕರುಳೂ ಇಲ್ಲ. ಅದು ಏನನ್ನು ತಿಂದು ಬೆಳೆಯುತ್ತದೆ? ಅದರ ದೇಹದಲ್ಲಿ ಗಂಧಕದ ಹರಳುಗಳಿವೆಯೆಂಬ ಮಾತನ್ನು ಉಪನ್ಯಾಸವೊಂದರಲ್ಲಿ ಕೇಳಿದ, ಆಗ ಹಾರ್ವರ್ಡಿನಲ್ಲಿ ವಿದ್ಯಾರ್ಥಿನಿಯಾಗಿದ್ದ ಕಾಲೀನ್ ಕ್ಯಾವನಾ, ಹುಳುವಿನ ಒಳಗೇ ಗಂಧಕ ಬ್ಯಾಕ್ಟೀರಿಯಗಳು ಬಾಳುತ್ತಿರಬೇಕೆಂದು ತರ್ಕಿಸಿದರು. ೧೯೮೧ರಲ್ಲಿ ಅವರೂ ಸಹೋದ್ಯೋಗಿಗಳೂ ಅದಕ್ಕೆ ಸೂಕ್ಷ್ಮದರ್ಶಕದ ಪ್ರಮಾಣವನ್ನು ಒದಗಿಸಿದರು. ಅದೇ ವರ್ಷ ಫೆಲ್ಬೆಕ್ ಎಂಬುವರು ಹುಳುವಿನ ಅಂಗಾಂಶದಲ್ಲಿ ರುಬಿಸ್ಕೊ ಕಿಣ್ವದ ಚಟುವಟಿಕೆಯನ್ನು ಗುರುತಿಸಿದರು. ಹುಳುವಿನ ರಕ್ತವು ಸಲ್ಫೈಡನ್ನೂ ಆಮ್ಲಜನಕವನ್ನೂ ಒಟ್ಟಿಗೆ ಹೊತ್ತುತಂದು ಒಳಗಿನ ಬ್ಯಾಕ್ಟೀರಿಯಗಳಿಗೆ ಒಪ್ಪಿಸುತ್ತದೆ. ಅವು ಇಂಗಾಲಾಮ್ಲದಿಂದ ಅಡುಗೆಮಾಡಿ ಹುಳುವಿಗೆ ಬಡಿಸುತ್ತವೆ. ವಿನೊಗ್ರಾಡ್‌ಸ್ಕಿಯ ಬೆಗ್ಗಿಯಾಟೋವ ಸಾರಿದ್ದ ಸತ್ಯವು ಈಗ ಸುಮಾರು ಎರಡು ಮೀಟರ್ ಉದ್ದದ ಪ್ರಾಣಿಯ ರೂಪದಲ್ಲಿ ಎದುರು ನಿಂತಿತು. ಅಪವಾದವೆಂದು ಬದಿಗಿರಿಸಿದ್ದುದನ್ನು ಇನ್ನು ಬದಿಗಿರಿಸುವಂತಿರಲಿಲ್ಲ.

ಆದರೆ ಇಲ್ಲಿ ಒಂದು ಎಚ್ಚರಿಕೆ ಅವಶ್ಯ. ಈ ಸಮಾಜವು ಸೂರ್ಯನಿಂದ ಸಂಪೂರ್ಣ ಸ್ವತಂತ್ರವೆಂದು ಉತ್ಸಾಹದಿಂದ ಬರೆಯುವವರು ಒಂದು ಸಂಗತಿಯನ್ನು ಮರೆಯುತ್ತಾರೆ. ಸಲ್ಫೈಡನ್ನು ಉತ್ಕರ್ಷಿಸಲು ಬೇಕಾದ ಆಮ್ಲಜನಕವು ಮೇಲಿನ ಹಸುರು ಜೀವಿಗಳ ಕೊಡುಗೆ. ಆದುದರಿಂದ ರಿಫ್ಟಿಯ ಬೆಳಕಿಗೆ ಪರೋಕ್ಷವಾಗಿ ಋಣಿಯಾಗಿದೆ. ನಿಜವಾಗಿ ಋಣಮುಕ್ತವಾದವು ಜಲಜನಕ ಮತ್ತು ಇಂಗಾಲಾಮ್ಲಗಳಿಂದಲೇ ಬದುಕು ಸಾಗಿಸುವ ಮೀಥೇನ್‌ಕಾರಿ ಆರ್ಕಿಯಗಳು. ಆ ಆರ್ಕಿಯಗಳು ಬ್ಯಾಕ್ಟೀರಿಯಗಳಿಂದ ಬೇರೆಯಾದ ಪ್ರತ್ಯೇಕ ವಂಶವೆಂದು ಕಾರ್ಲ್ ವೋಸ್ ಮತ್ತು ಜಾರ್ಜ್ ಫಾಕ್ಸ್ ಪ್ರಕಟಿಸಿದುದೂ ೧೯೭೭ರಲ್ಲಿಯೇ. ಹಿಂದೂ ಮಹಾಸಾಗರದ ನಡುದಿಣ್ಣೆಯ ಬುಗ್ಗೆಯೊಂದರಿಂದ ತಂದ ಮೆಥನೊಪೈರಸ್ ಎಂಬ ಆರ್ಕಿಯವು ಹೆಚ್ಚಿನ ಒತ್ತಡದಲ್ಲಿ ೧೨೨ ಡಿಗ್ರಿ ಸೆಂಟಿಗ್ರೇಡ್ ಶಾಖದಲ್ಲಿಯೂ ವೃದ್ಧಿಯಾಗುವುದೆಂದು ಜಪಾನಿನ ವಿಜ್ಞಾನಿಗಳು ೨೦೦೮ರಲ್ಲಿ ವರದಿಮಾಡಿದರು.

೬

ಉಳಿದ ಮಾರ್ಗಗಳು ಒಂದೊಂದಾಗಿ ಬೆಳಕಿಗೆ ಬಂದುವು. ಬಿಸಿಬುಗ್ಗೆಗಳಲ್ಲಿ ಕಿತ್ತಳೆ ಬಣ್ಣದ ಪದರಗಳಾಗಿ ಹರಡುವ ಕ್ಲೋರೋಫ್ಲೆಕ್ಸಸ್ ಎಂಬ ಬ್ಯಾಕ್ಟೀರಿಯದಲ್ಲಿ ಹೈಡ್ರಾಕ್ಸಿಪ್ರೊಪಿಯೊನೇಟ್ ಎಂಬ ಮೂರು ಇಂಗಾಲಗಳ ಅಣುವು ಮಧ್ಯವರ್ತಿಯೆಂದು ೧೯೮೯ರಲ್ಲಿ ಹೋಲೊ ಎಂಬುವರು ತೋರಿಸಿದರು; ಜರ್ಮನಿಯ ಫ್ರೈಬುರ್ಗಿನಲ್ಲಿ ಗೇಯೋರ್ಗ್ ಫುಕ್ಸ್ ಅವರ ತಂಡವು ೨೦೦೯ರ ಹೊತ್ತಿಗೆ ಆ ಜೋಡಿಚಕ್ರವನ್ನು ಪೂರ್ಣಗೊಳಿಸಿತು. ಅದೇ ತಂಡದ ಇವಾನ್ ಬೆರ್ಗ್ ಮತ್ತು ಇತರರು ೨೦೦೭ರಲ್ಲಿ ಮೆಟಲೊಸ್ಫೀರ ಎಂಬ ಆರ್ಕಿಯದಲ್ಲಿ ಇದಕ್ಕೆ ಸೋದರನೆನ್ನಬಹುದಾದ ಮತ್ತೊಂದು ಚಕ್ರವನ್ನು ಕಂಡರು. ಇಟಲಿಯ ನೇಪಲ್ಸಿನ ಬಳಿಯ ಗಂಧಕದ ಹೊಗೆಕುಳಿಯಿಂದ ದೊರೆತ ಆ ಜೀವಿಯು ೭೫ ಡಿಗ್ರಿಯ ಆಸುಪಾಸಿನ ಶಾಖದಲ್ಲಿ, ನಿಂಬೆಯ ರಸಕ್ಕೆ ಸಮನಾದ ಅಥವಾ ಅದನ್ನೂ ಮೀರಿದ ಹುಳಿಯಲ್ಲಿ ನೆಮ್ಮದಿಯಿಂದಿರುತ್ತದೆ. ಐಸ್‌ಲೆಂಡಿನ ಉತ್ತರದ ಸಮುದ್ರತಳದಲ್ಲಿ ೯೦ ಡಿಗ್ರಿಯಲ್ಲಿ ಬೆಳೆಯುವ ಇಗ್ನಿಕಾಕಸ್ ಎಂಬ ಆರ್ಕಿಯದ ಮಾರ್ಗವು ೨೦೦೮ರಲ್ಲಿ ಸ್ಪಷ್ಟವಾಯಿತು. ಏಳನೆಯದಾದ ಗ್ಲೈಸೀನ್ ಮಾರ್ಗವು ಡಿಸಲ್ಫೊವಿಬ್ರಿಯೊ ಎಂಬ ಬ್ಯಾಕ್ಟೀರಿಯದಲ್ಲಿ ೨೦೨೦ರಲ್ಲಿ ಕಂಡುಬಂದಿತು.

ಒಂದೇ ಕೆಲಸಕ್ಕೆ ಇಷ್ಟು ದಾರಿಗಳೇಕೆ ಎಂಬ ಪ್ರಶ್ನೆ ಇಲ್ಲಿ ಸಹಜವಾಗಿ ಏಳುತ್ತದೆ. ಉತ್ತರವು ಪರಿಸರದಲ್ಲಿದೆ. ಪೈರುವೇಟ್ ಎಂಬ ಮೂರು ಇಂಗಾಲಗಳ ಅಣುವೊಂದನ್ನು ಕಟ್ಟಲು ತಗಲುವ ವೆಚ್ಚವನ್ನು ಹೋಲಿಸಿ ನೋಡೋಣ. ಹಸುರೆಲೆಯ ಕ್ಯಾಲ್ವಿನ್ ಚಕ್ರಕ್ಕೆ ೭ ಎ.ಟಿ.ಪಿ. ಬೇಕು, ಮೆಟಲೊಸ್ಫೀರದ ಚಕ್ರಕ್ಕೆ ೯, ಇಗ್ನಿಕಾಕಸ್ ಮಾರ್ಗಕ್ಕೆ ೫, ಹಿಮ್ಮುಖ ಕ್ರೆಬ್ಸ್ ಚಕ್ರಕ್ಕೆ ೨, ವುಡ್-ಯುಂಗ್‌ಡಾಲ್ ಮಾರ್ಗಕ್ಕೆ ಸುಮಾರು ೧. ಜಲಜನಕ ಇಂಗಾಲಾಮ್ಲಗಳ ಸಂಯೋಗದಿಂದ ಅತ್ಯಲ್ಪ ಶಕ್ತಿಯನ್ನು ಗಳಿಸುವ ಬಡ ಜೀವಿಗೆ ಕೊನೆಯ ಮಾರ್ಗವಲ್ಲದೆ ಗತಿಯಿಲ್ಲ. ಹಾಗಾದರೆ ಎಲ್ಲ ಜೀವಿಗಳೂ ಅಗ್ಗದ ಮಾರ್ಗವನ್ನೇ ಏಕೆ ಹಿಡಿಯಲಿಲ್ಲ? ಅಗ್ಗದ ಮಾರ್ಗಗಳ ಪ್ರಧಾನ ಕಿಣ್ವಗಳು ಆಮ್ಲಜನಕ ತಗುಲಿದೊಡನೆ ಕೆಡುವಂಥವು. ಆಮ್ಲಜನಕವಿಲ್ಲದ ಅಥವಾ ಅತ್ಯಲ್ಪವಿರುವ ಎಡೆಯಲ್ಲಿ ಮಾತ್ರ ಅವು ನಡೆಯಬಲ್ಲವು. ಕ್ಯಾಲ್ವಿನ್ ಚಕ್ರವು ದುಬಾರಿಯಾದರೂ ಆಮ್ಲಜನಕವನ್ನು ತಡೆದುಕೊಳ್ಳುತ್ತದೆ. ಆದರೆ ಅದರ ಮಧ್ಯವರ್ತಿ ಸಕ್ಕರೆಗಳು ಅತಿಶಾಖದಲ್ಲಿ ಒಡೆದುಹೋಗುತ್ತವೆ. ಆದುದರಿಂದ ಕುದಿನೀರಿನ ಮಟ್ಟದ ಶಾಖದಲ್ಲಿ ಬಾಳುವ ಜೀವಿಗಳಲ್ಲಿ ಅದು ಕಾಣಿಸುವುದಿಲ್ಲ. ಶಾಖವೂ ಆಮ್ಲಜನಕವೂ ಎರಡೂ ಇರುವ ಎಡೆಗೆ ಮೆಟಲೊಸ್ಫೀರದ ಚಕ್ರವು ಹೊಂದಿಕೊಂಡಿದೆ. ಅದು ಹೆಚ್ಚು ವೆಚ್ಚವನ್ನು ಬೇಡಿದರೂ ಆಮ್ಲಜನಕಕ್ಕೆ ಅಷ್ಟಾಗಿ ಅಂಜುವುದಿಲ್ಲ.

ವಿಷಮ ಪರಿಸರದ ಜೀವಿಗಳೆಲ್ಲವೂ ಇಂಗಾಲಾಮ್ಲವನ್ನು ಸ್ಥಿರೀಕರಿಸುತ್ತವೆಂದು ಇದರಿಂದ ತಿಳಿಯಬಾರದು. ಅಮೆರಿಕದ ಯೆಲ್ಲೋಸ್ಟೋನಿನ ಬಿಸಿಬುಗ್ಗೆಯಿಂದ ಥಾಮಸ್ ಬ್ರಾಕ್ ಮತ್ತು ಅವರ ವಿದ್ಯಾರ್ಥಿ ಫ್ರೀಜ್ ಪ್ರತ್ಯೇಕಿಸಿ ೧೯೬೯ರಲ್ಲಿ ವರ್ಣಿಸಿದ, ಅದರ ಕಿಣ್ವದಿಂದ ಲೋಕಪ್ರಸಿದ್ಧವಾದ ಥರ್ಮಸ್ ಅಕ್ವಾಟಿಕಸ್ ಇತರರು ಮಾಡಿದ ಅನ್ನವನ್ನೇ ಉಣ್ಣುವ ಜೀವಿ. ಅಂತೆಯೇ ಒಂದು ಮಾರ್ಗವು ಒಂದೇ ಪರಿಸರಕ್ಕೆ ಮೀಸಲೆಂದೂ ಹೇಳುವಂತಿಲ್ಲ. ೨೦೦೫ರಲ್ಲಿ ಸಿಯಾಟಲ್ ನಗರದ ಮತ್ಸ್ಯಾಗಾರದ ತೊಟ್ಟಿಯಿಂದ ಪ್ರತ್ಯೇಕಿಸಿದ, ಅಮೋನಿಯವನ್ನು ಉತ್ಕರ್ಷಿಸುವ ಆರ್ಕಿಯವೊಂದು ಮೆಟಲೊಸ್ಫೀರದ ಚಕ್ರದ ಮಿತವ್ಯಯಿಯಾದ ರೂಪವನ್ನು ಅನುಸರಿಸುವುದೆಂದು ೨೦೧೪ರಲ್ಲಿ ತಿಳಿದುಬಂದಿತು. ಇದರ ಬಂಧುಗಳು ಸಾಗರದಲ್ಲೆಲ್ಲ ಹರಡಿವೆ. ವಿನೊಗ್ರಾಡ್‌ಸ್ಕಿ ಬ್ಯಾಕ್ಟೀರಿಯಗಳಲ್ಲಿ ಕಂಡ ಕಾಯಕವನ್ನು,ಆತನು ಊಹಿಸಲಾರದಿದ್ದ ವಂಶವೊಂದು ಬೇರೊಂದು ದಾರಿಯಿಂದ ನಡೆಸುತ್ತಿದೆ.

೭

ನೆಲದ ಒಳಗಿನ ಮತ್ತು ಹಿಮದ ಮೇಲಿನ ಎರಡು ನಿದರ್ಶನಗಳನ್ನು ಇಲ್ಲಿ ಹೇಳಬಹುದು. ದಕ್ಷಿಣ ಆಫ್ರಿಕದ ಎಂಪೊನೆಂಗ್ ಚಿನ್ನದ ಗಣಿಯಲ್ಲಿ ೨.೮ ಕಿಲೋಮೀಟರ್ ಆಳದ ಬಂಡೆಯ ಬಿರುಕಿನಿಂದ ಹರಿದ ನೀರಿನಲ್ಲಿ ಹೆಚ್ಚುಕಡಮೆ ಒಂದೇ ಜಾತಿಯ ಬ್ಯಾಕ್ಟೀರಿಯ ಇದ್ದುದನ್ನು ೨೦೦೮ರಲ್ಲಿ ವಿಜ್ಞಾನಿಗಳು ವರದಿಮಾಡಿದರು. ಬಂಡೆಯಲ್ಲಿರುವ ಯುರೇನಿಯಂ ಹೊರಸೂಸುವ ವಿಕಿರಣವು ನೀರನ್ನು ಒಡೆದು ಜಲಜನಕವನ್ನು ಬಿಡುಗಡೆ ಮಾಡುತ್ತದೆ. ಆ ಜಲಜನಕವೇ ಇದರ ಜೀವನಾಧಾರ. ವುಡ್-ಯುಂಗ್‌ಡಾಲ್ ಮಾರ್ಗದ ಜೀನುಗಳು ಇದರಲ್ಲಿವೆ. ಇನ್ನೊಂದು ನಿದರ್ಶನ ಪೂರ್ವ ಅಂಟಾರ್ಕ್ಟಿಕದ ಒಣ ಹಿಮಭೂಮಿಯದು. ಅಲ್ಲಿನ ಮಣ್ಣಿನ ಬ್ಯಾಕ್ಟೀರಿಯಗಳು ಗಾಳಿಯಲ್ಲಿ ಹತ್ತು ಲಕ್ಷದಲ್ಲಿ ಸುಮಾರು ಅರ್ಧ ಭಾಗದಷ್ಟು ಮಾತ್ರವಿರುವ ಜಲಜನಕವನ್ನೂ, ಅಷ್ಟೇ ಅಲ್ಪವಾದ ಇಂಗಾಲದ ಮಾನಾಕ್ಸೈಡನ್ನೂ ಹೆಕ್ಕಿಕೊಂಡು ಅವುಗಳ ಶಕ್ತಿಯಿಂದ ಇಂಗಾಲಾಮ್ಲವನ್ನು ಸ್ಥಿರೀಕರಿಸುತ್ತವೆಂದು ೨೦೧೭ರಲ್ಲಿ ಪ್ರಕಟವಾಯಿತು. ಇದನ್ನು ಗಾಳಿಯನ್ನೇ ಉಂಡು ಬದುಕುವ ಬಾಳೆಂದರೆ ಉತ್ಪ್ರೇಕ್ಷೆಯಾಗದು.

ಲೌಕಿಕ ಪ್ರಯೋಜನವೂ ಇಲ್ಲದಿಲ್ಲ. ಅಮೆರಿಕದ ಕಲ್ಲಿದ್ದಲ ಗಣಿಗಳ ಆಮ್ಲಜಲದಲ್ಲಿ ೧೯೪೭ರಲ್ಲಿ ಗುರುತಿಸಲಾದ, ಕಬ್ಬಿಣವನ್ನು ಉತ್ಕರ್ಷಿಸಿ ಇಂಗಾಲಾಮ್ಲದಿಂದ ಬೆಳೆಯುವ ಬ್ಯಾಕ್ಟೀರಿಯವನ್ನು ಅದಿರಿನಿಂದ ತಾಮ್ರ ಚಿನ್ನಗಳನ್ನು ಬಿಡಿಸಲು ಬಳಸುತ್ತಾರೆ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಈ ವಿಧದ ಜೀವಿಗಳ ಮೇಲೆ ದೀರ್ಘಕಾಲ ಸಂಶೋಧನೆ ನಡೆದಿದೆ. ೨೦೧೯ರಲ್ಲಿ ಇಸ್ರೇಲಿನ ವೈಜ್‌ಮನ್ ಸಂಸ್ಥೆಯವರು ಪರಾನ್ನಜೀವಿಯಾದ ಕರುಳಿನ ಬ್ಯಾಕ್ಟೀರಿಯವೊಂದಕ್ಕೆ ಕ್ಯಾಲ್ವಿನ್ ಚಕ್ರವನ್ನು ಕಸಿಮಾಡಿ, ತನ್ನ ಒಡಲ ಇಂಗಾಲವನ್ನೆಲ್ಲ ಇಂಗಾಲಾಮ್ಲದಿಂದಲೇ ಪಡೆಯುವಂತೆ ಪಳಗಿಸಿದರು. ಆದರೆ ಶಕ್ತಿಗಾಗಿ ಅದಕ್ಕೆ ಫಾರ್ಮಿಕಾಮ್ಲದ ಲವಣವನ್ನು ಒದಗಿಸಬೇಕಾಯಿತು. ಹೊಗೆಯ ಇಂಗಾಲದಿಂದ ವಾತಾವರಣ ಕಾಯುತ್ತಿರುವ ಈ ಶತಮಾನದಲ್ಲಿ ಇಂತಹ ಪ್ರಯತ್ನಗಳ ಮಹತ್ತ್ವವನ್ನು ವಿವರಿಸಬೇಕಾಗಿಲ್ಲ. ಎಲೆಕ್ಟ್ರಾನು ಮತ್ತು ಶಕ್ತಿಗಳನ್ನು ಯಾರಾದರೂ ತೆರಲೇಬೇಕೆಂಬುದನ್ನು ಮಾತ್ರ ಮರೆಯಬಾರದು.

೮

ಕೊನೆಯದಾಗಿ, ಈ ಮಾರ್ಗಗಳಲ್ಲಿ ಅತ್ಯಂತ ಪ್ರಾಚೀನವಾದುದು ಯಾವುದು? ಇಲ್ಲಿ ಜೀವವಿಜ್ಞಾನಿಯೂ ಇತಿಹಾಸಕಾರನೂ ಒಂದೇ ಕಷ್ಟಕ್ಕೆ ಸಿಕ್ಕುತ್ತಾರೆ. ಸಮಕಾಲೀನ ದಾಖಲೆಗಳಿಲ್ಲದ ಯುಗವನ್ನು ಉಳಿದಿರುವ ಕುರುಹುಗಳಿಂದ ಪುನಾರಚಿಸಬೇಕಾಗಿದೆ. ಕುರುಹುಗಳು ಎರಡು ಬಗೆಯವು. ಒಂದು, ಶಿಲೆಯಲ್ಲಿರುವುದು. ಸ್ಥಿರೀಕರಣದ ಕಿಣ್ವಗಳು ಭಾರವಾದ ಇಂಗಾಲ-೧೩ಕ್ಕಿಂತ ಹಗುರವಾದ ಇಂಗಾಲ-೧೨ನ್ನು ಹೆಚ್ಚಾಗಿ ಆಯ್ದುಕೊಳ್ಳುತ್ತವೆ. ಆ ಪಕ್ಷಪಾತದ ಪ್ರಮಾಣವು ಮಾರ್ಗದಿಂದ ಮಾರ್ಗಕ್ಕೆ ಬೇರೆ. ಗ್ರೀನ್‌ಲೆಂಡಿನ ಇಸುವ ಎಂಬಲ್ಲಿನ ಸುಮಾರು ೩೭೦ ಕೋಟಿ ವರ್ಷ ಹಳೆಯ ಶಿಲೆಗಳ ಗ್ರಾಫೈಟಿನಲ್ಲಿ ಹಗುರ ಇಂಗಾಲವು ಅಧಿಕವಾಗಿರುವುದನ್ನು ಮಿನಿಕ್ ರೋಸಿಂಗ್ ೧೯೯೯ರಲ್ಲಿ ತೋರಿಸಿದರು. ಅದು ಜೀವದ ಹಸ್ತಾಕ್ಷರವೆಂದು ಅವರ ವಾದ. ಶಾಖ ಒತ್ತಡಗಳಿಂದ ಮಾರ್ಪಟ್ಟ ಶಿಲೆಯ ಸಾಕ್ಷ್ಯವನ್ನು ಶಂಕಿಸುವವರೂ ಇದ್ದಾರೆ. ಎರಡು, ಇಂದಿನ ಜೀವಿಗಳ ಜೀನುಗಳಲ್ಲಿರುವುದು. ಪ್ರತಿಗಳ ಪಾಠಾಂತರಗಳನ್ನು ಹೋಲಿಸಿ ಕಳೆದುಹೋದ ಮೂಲಪ್ರತಿಯನ್ನು ಊಹಿಸುವ ಗ್ರಂಥಸಂಪಾದಕನಂತೆ, ಜರ್ಮನಿಯ ವಿಲಿಯಂ ಮಾರ್ಟಿನ್ ಮತ್ತು ಸಂಗಡಿಗರು ಬ್ಯಾಕ್ಟೀರಿಯ ಆರ್ಕಿಯಗಳ ಜೀನುಗಳನ್ನು ಹೋಲಿಸಿ, ಎಲ್ಲ ಜೀವಿಗಳ ಕೊನೆಯ ಸಾಮಾನ್ಯ ಪೂರ್ವಜವು ಶಾಖಪ್ರಿಯವಾಗಿದ್ದು ಜಲಜನಕವನ್ನು ಉಂಡು ವುಡ್-ಯುಂಗ್‌ಡಾಲ್ ಮಾರ್ಗದಿಂದ ಇಂಗಾಲವನ್ನು ಸ್ಥಿರೀಕರಿಸುತ್ತಿತ್ತೆಂದು ೨೦೧೬ರಲ್ಲಿ ಅನುಮಾನಿಸಿದರು. ಆ ಪೂರ್ವಜವನ್ನು ಬೇರೆ ರೀತಿಯಲ್ಲಿ ಚಿತ್ರಿಸುವವರೂ ಉಂಟು. ಜೀನುಗಳು ವಂಶದಿಂದ ವಂಶಕ್ಕೆ ಅಡ್ಡವಾಗಿ ದಾಟುತ್ತವೆಂಬುದು ಅವರ ಮುಖ್ಯ ಆಕ್ಷೇಪಗಳಲ್ಲೊಂದು.

ಹಿಮ್ಮುಖ ಚಕ್ರದ ಪರವಾಗಿಯೂ ಪ್ರಮಾಣಗಳು ಬೆಳೆಯುತ್ತಿವೆ. ಮ್ಯೂನಿಕ್ಕಿನ ಪೇಟೆಂಟ್ ವಕೀಲರಾದ ಗುಂಟರ್ ವೆಖ್ಟರ್ಸ್‌ಹೌಸರ್ ೧೯೮೮ರಿಂದ ಮೊದಲ್ಗೊಂಡು, ಕಬ್ಬಿಣ ಗಂಧಕಗಳ ಖನಿಜದ ಮೈಮೇಲೆಯೇ ಇಂಗಾಲದ ಸ್ಥಿರೀಕರಣ ಆರಂಭವಾಗಿ ಜೀವಕ್ಕೆ ದಾರಿಯಾಯಿತೆಂಬ ವಾದವನ್ನು ಮಂಡಿಸಿದರು. ೨೦೧೮ರಲ್ಲಿ ಎರಡು ತಂಡಗಳು ಬಿಸಿಬುಗ್ಗೆಯ ಬ್ಯಾಕ್ಟೀರಿಯಗಳಲ್ಲಿ ಒಂದು ಅಚ್ಚರಿಯನ್ನು ಕಂಡವು: ಹಿಂದಕ್ಕೆ ನಡೆಯಲಾರದೆಂದು ಪಾಠಪುಸ್ತಕಗಳು ಸಾರಿದ್ದ ಕ್ರೆಬ್ಸ್ ಚಕ್ರದ ಸಾಮಾನ್ಯ ಕಿಣ್ವವೇ ಅಲ್ಲಿ ಹಿಂದಕ್ಕೆ ನಡೆಯುತ್ತಿತ್ತು. ಇಂಗಾಲಾಮ್ಲದ ಪ್ರಮಾಣವು ಅಧಿಕವಾದಾಗ ಚಕ್ರವು ಹಾಗೆ ತಿರುಗುವುದೆಂದು ೨೦೨೧ರಲ್ಲಿ ವಿವರಣೆ ದೊರೆಯಿತು. ೧೯೬೬ರಲ್ಲಿ ಇದ್ದ ಆಕ್ಷೇಪದ ಕೊನೆಯ ಅಂಶವೂ ಇದರಿಂದ ಸಡಿಲವಾಯಿತು. ಜೀನುಗಳ ಪಟ್ಟಿಯನ್ನು ಮಾತ್ರ ಓದಿ ಜೀವಿಯ ನಡೆಯನ್ನು ನಿರ್ಣಯಿಸಲಾಗದೆಂಬ ಪಾಠವೂ ಇದರಲ್ಲಿದೆ. ಏಕೆಂದರೆ ಒಂದೇ ಕಿಣ್ವ ಸಂದರ್ಭಕ್ಕನುಸಾರವಾಗಿ ಸುಡುವುದಕ್ಕೂ ಕಟ್ಟುವುದಕ್ಕೂ ಒದಗುತ್ತದೆ.

ಮೇಲಿನ ವಿವೇಚನೆಯಿಂದ ನಾವು ಇಷ್ಟನ್ನು ಹೇಳಬಹುದು. ಇಂದಿನ ಭೂಮಿಯ ಅನ್ನದ ಬಹುಪಾಲು ಸೂರ್ಯನ ಬೆಳಕಿನಿಂದಲೇ ಬರುತ್ತದೆ. ಆ ಮಾತನ್ನು ಅಲ್ಲಗಳೆಯಲು ಕಾರಣವಿಲ್ಲ. ಆದರೆ ಬಹುಪಾಲು ಎಂಬುದನ್ನು ಸರ್ವವೆಂದೂ, ಇಂದಿನದನ್ನು ಮೊದಲಿನದೆಂದೂ ಓದುವುದು ತಪ್ಪು. ಆಮ್ಲಜನಕವು ಗಾಳಿಯಲ್ಲಿ ಸೇರುವುದಕ್ಕೆ ಮುಂಚೆ ಭೂಮಿಯೆಲ್ಲವೂ ನಮ್ಮ ದೃಷ್ಟಿಯಲ್ಲಿ ವಿಷಮ ಪರಿಸರವೇ ಆಗಿತ್ತು. ವಿಷಮವೆಂಬ ವಿಶೇಷಣವು ನಮ್ಮದು; ಕುದಿನೀರಿನ ಜೀವಿಗೆ ನಾವು ಉಸಿರಾಡುವ ಗಾಳಿಯೇ ವಿಷ. ಆ ಜೀವಿಗಳು ಹಿಡಿದಿರುವ ಮಾರ್ಗಗಳು ಮೂಲೆಗುಂಪಾದ ವಿಚಿತ್ರಗಳಲ್ಲ, ಬಹುಶಃ ಜೀವವು ತುಳಿದ ಮೊದಲ ಹೆಜ್ಜೆಗಳ ಉಳಿದ ಗುರುತುಗಳು. ಯಾವ ಶಾಸ್ತ್ರದಲ್ಲಾಗಲಿ ಅಪವಾದವೆಂದು ಅಡಿಟಿಪ್ಪಣಿಗೆ ತಳ್ಳಿದ ಸಂಗತಿಯನ್ನು ಕಾಲಕಾಲಕ್ಕೆ ಮತ್ತೆ ತೂಗಿನೋಡುವ ಅಭ್ಯಾಸವನ್ನು ನಮ್ಮ ವಿದ್ಯಾರ್ಥಿಗಳು ಬೆಳೆಸಿಕೊಂಡರೆ ಈ ಲೇಖನದ ಉದ್ದೇಶ ನೆರವೇರಿದಂತಾಗುತ್ತದೆ.